ರಾಯಭಾರ ಕಚೇರಿ "ಹುಷಾರು" ಅಂದಾಗ ನೀವು ಏನು ಮಾಡಿದಿರಿ? ಹೊರದೇಶದಲ್ಲಿ ಇರುವವರು, ಇದ್ದು ಬಂದವರು ಹೇಳಿ

ದೋಹಾ ಬೈಂದೂರು:

ಎಲ್ಲರಿಗೂ ನಮಸ್ಕಾರ. ನಾನು ದೋಹಾದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಊರು ಬೈಂದೂರು ಹತ್ತಿರ. ಒಂದು ವಿಷಯ ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಅನುಭವ ಇರುವವರು ಮಾತಾಡಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

2025ರ ಜೂನ್‌ವರೆಗೆ ಇಲ್ಲಿ ನನಗೆ ಭಯ ಅಂತ ಆದದ್ದೇ ಇರಲಿಲ್ಲ. ಹೆಂಡತಿ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಅಂಗಡಿಗೆ ಹೋಗಿ ಬರುತ್ತಾಳೆ. ಒಮ್ಮೆ ಕಾರಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಬಿಟ್ಟು, ಕಾರಿಗೆ ಬೀಗವನ್ನೂ ಹಾಕದೆ ಬಂದಿದ್ದೆ. ಬೆಳಗ್ಗೆ ಅಲ್ಲೇ ಇತ್ತು. ಹೀಗಿರುವಾಗ ಯಾವುದೋ ದೇಶ "ಗಲ್ಫ್‌ಗೆ ಹೋಗುವವರು ಎಚ್ಚರ" ಅಂತ ಹೇಳಿದರೆ ನಾವು ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಇಲ್ಲಿ ಬಂದು ನೋಡದವರು ಬರೆದದ್ದು ಅಂತ ಬಿಟ್ಟುಬಿಡುತ್ತಿದ್ದೆವು.

2025ರ ಜೂನ್ 23. ಆಫೀಸಿನಲ್ಲಿ ಒಬ್ಬರು ಫೋನ್ ತೋರಿಸಿದರು. ಅಮೆರಿಕದ ರಾಯಭಾರ ಕಚೇರಿ ತನ್ನ ಜನಕ್ಕೆ "ಇದ್ದಲ್ಲೇ ಇರಿ, ಹೊರಗೆ ಬರಬೇಡಿ" ಅಂತ ಸಂದೇಶ ಕಳಿಸಿತ್ತು. ಓದಿದೆವು, ಮತ್ತೆ ಕೆಲಸಕ್ಕೆ ಕೂತೆವು. ಸಂಜೆ ವಿಮಾನಗಳನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ಬೆಂಕಿಯ ಉಂಡೆಗಳು. ಇರಾನ್ ಇಲ್ಲಿನ ಅಮೆರಿಕದ ಅಲ್ ಉದೈದ್ ವಾಯುನೆಲೆಯ ಮೇಲೆ ಕ್ಷಿಪಣಿ ಬಿಟ್ಟಿತ್ತು. ಕಿಟಕಿ ಗಾಜು ನಡುಗಿತು. ಮಗಳು ಊಟದ ಮೇಜಿನ ಕೆಳಗೆ ಹೋಗಿ ಕೂತಳು. ಎಷ್ಟು ಕರೆದರೂ ಬರಲಿಲ್ಲ.

ಯಾರ ಜೀವಕ್ಕೂ ಏನೂ ಆಗಲಿಲ್ಲ. ಎರಡು ದಿನದಲ್ಲಿ ಎಲ್ಲ ಮೊದಲಿನ ಹಾಗೆ ಆಯಿತು. ಆಮೇಲೆ ಸೆಪ್ಟೆಂಬರ್ 9ರಂದು ಇಸ್ರೇಲ್ ದೋಹಾ ನಗರದ ಒಳಗೇ ದಾಳಿ ಮಾಡಿತು. ಆ ಸಲ ನಮ್ಮ ಕೈಗೆ ಮೊದಲೇ ಯಾವ ಸಂದೇಶವೂ ಬಂದಿರಲಿಲ್ಲ.

ಈಗ ಇದನ್ನೆಲ್ಲ ಬರೆಯಲು ಕಾರಣ ಇದೆ. ನನ್ನ ಚಿಕ್ಕಪ್ಪನ ಮಗನಿಗೆ ಇಸ್ರೇಲಿನಲ್ಲಿ ಕೇರ್‌ಗಿವರ್ ಕೆಲಸ, ಅಂದರೆ ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವ ಕೆಲಸ, ಸಿಗುವ ಹಾಗಿದೆ. ಚಿಕ್ಕಮ್ಮ ಟಿವಿ ನೋಡಿ ಅಳುತ್ತಾರೆ. ಅವನು ಅಲ್ಲಿರುವ ಸ್ನೇಹಿತರ ವಾಟ್ಸಾಪ್ ತೋರಿಸುತ್ತಾನೆ. "ಇಲ್ಲಿ ಆರಾಮ ಇದ್ದೇವೆ, ಸುಮ್ನೆ ಹೆದರಬೇಡ" ಅಂತ ಅದರಲ್ಲಿದೆ. ಮನೆಯಲ್ಲಿ ಎಲ್ಲರೂ ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ. ನಾನು ಯಾರ ಮಾತು ನಂಬಲಿ? ಸರ್ಕಾರದ ಸಲಹೆಯನ್ನೋ, ಅಲ್ಲಿ ಬದುಕುತ್ತಿರುವವರ ಮಾತನ್ನೋ?

ಡಲ್ಲಾಸ್ ಕನ್ನಡಿಗ:

ನನ್ನ ಅನುಭವದಲ್ಲಿ ಈ ಎಚ್ಚರಿಕೆಗಳಿಗೂ ನಿಜವಾದ ಬದುಕಿಗೂ ಸಂಬಂಧ ಕಡಿಮೆ.

ಅಮೆರಿಕದ ವಿದೇಶಾಂಗ ಇಲಾಖೆ 2018ರಿಂದ ಎಲ್ಲ ದೇಶಗಳಿಗೂ ಒಂದರಿಂದ ನಾಲ್ಕರವರೆಗೆ ಹಂತ ಕೊಡುತ್ತದೆ. ಒಂದು ಅಂದರೆ ಸಾಮಾನ್ಯ ಎಚ್ಚರ ಸಾಕು. ನಾಲ್ಕು ಅಂದರೆ ಹೋಗಲೇಬೇಡಿ. ಭಾರತಕ್ಕೆ ಎರಡನೇ ಹಂತ. ಫ್ರಾನ್ಸ್, ಜರ್ಮನಿ, ಬ್ರಿಟನ್ ಕೂಡ ಎರಡರಲ್ಲೇ ಇವೆ. ಆದರೆ ನನ್ನ ಸಹೋದ್ಯೋಗಿ ಪ್ಯಾರಿಸ್‌ಗೆ ಟಿಕೆಟ್ ಮಾಡುವಾಗ ಆ ಪುಟ ತೆರೆದು ನೋಡಲೂ ಇಲ್ಲ. ಹಂಪಿಗೆ ಬರುತ್ತೇನೆ ಅಂದವಳು ಮಾತ್ರ 2025ರ ಜೂನ್‌ನ ಸಲಹೆ ಓದಿ ಹಿಂದೆ ಸರಿದಳು. ಹೆಂಗಸರು ಒಬ್ಬರೇ ಓಡಾಡಬೇಡಿ ಅಂತ ಅದರಲ್ಲಿ ಬರೆದಿತ್ತು. ನನಗೆ ನಿಜಕ್ಕೂ ಬೇಜಾರಾಯಿತು. ನಮ್ಮ ಊರನ್ನು ತೋರಿಸಬೇಕು ಅಂತ ಒಂದು ವರ್ಷದಿಂದ ಹೇಳುತ್ತಿದ್ದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಭಾರತ ಮತ್ತು ಕೆನಡಾ ನಡುವೆ ಜಗಳ ಆಯಿತಲ್ಲ, ಆಗ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ಕೆನಡಾದಲ್ಲಿರುವ ಭಾರತೀಯರಿಗೆ ಎಚ್ಚರಿಕೆ ಕೊಟ್ಟಿತು. ಅಕ್ಟೋಬರ್‌ನಲ್ಲಿ ಕೆನಡಾ ತನ್ನ 41 ರಾಜತಾಂತ್ರಿಕರನ್ನು ವಾಪಸ್ ಕರೆಸಿಕೊಂಡು, ಬೆಂಗಳೂರು, ಮುಂಬೈ, ಚಂಡೀಗಢದಲ್ಲಿ ತನ್ನವರು ಜಾಸ್ತಿ ಎಚ್ಚರ ಇರಬೇಕು ಅಂದಿತು. ಬೆಂಗಳೂರು! ನನ್ನ ಅಪ್ಪ ಅಮ್ಮ ಬಸವನಗುಡಿಯಲ್ಲಿ ಇದ್ದಾರೆ. ಅವತ್ತೂ ಬೆಳಗ್ಗೆ ಪಾರ್ಕಿಗೆ ಹೋಗಿ ಬಂದರು. ಊರಿನಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಎರಡು ಸರ್ಕಾರಗಳ ಸಂಬಂಧ.

ಹಾಗಾಗಿ ನನ್ನ ಓಟು ಅಲ್ಲಿ ಇರುವವರ ಮಾತಿಗೆ.

ಹೊಸಪೇಟೆ ಮಲ್ಲಿಗೆ:

ಡಲ್ಲಾಸ್ ಅವರೇ, ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಹಂಪಿ ಹೆಸರು ಬಂದಿದ್ದರಿಂದ ನಾನು ಸುಮ್ಮನಿರಲು ಆಗುವುದಿಲ್ಲ.

ನಾನು ಇಲ್ಲಿಯವಳು. ಪ್ರವಾಸಿಗರ ಜೊತೆಗೇ ನನ್ನ ಕೆಲಸ. ವರ್ಷಗಟ್ಟಲೆ ಎಲ್ಲರಿಗೂ "ನಮ್ಮ ಕಡೆ ಏನೂ ಭಯ ಇಲ್ಲ" ಅಂತ ಹೇಳಿಕೊಂಡು ಬಂದವಳು. 2025ರ ಮಾರ್ಚ್ 6ರ ರಾತ್ರಿ ಹಂಪಿ ಹತ್ತಿರದ ಸಾಣಾಪುರದ ಕಾಲುವೆ ಹತ್ತಿರ ಏನಾಯಿತು ಅಂತ ನಿಮಗೆ ಗೊತ್ತಿರಬೇಕು. ನಕ್ಷತ್ರ ನೋಡಲು ಕೂತಿದ್ದವರು. ಇಸ್ರೇಲಿನಿಂದ ಬಂದ ಹೆಣ್ಣುಮಗಳ ಮೇಲೆ, ಜೊತೆಗಿದ್ದ, ಹೋಮ್‌ಸ್ಟೇ ನಡೆಸುವ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಿಸಿಕೊಂಡವರಲ್ಲಿ ಒಡಿಶಾದ ಒಬ್ಬ ಹುಡುಗ ಬದುಕಲಿಲ್ಲ.

ಆ ವಾರ ನಾನು ಬಹಳ ಯೋಚಿಸಿದೆ. ನಾನು ಹೇಳುತ್ತಿದ್ದದ್ದು ಸುಳ್ಳಲ್ಲ. ನನಗೆ ಇಲ್ಲಿ ಭಯ ಇರಲಿಲ್ಲ. ಯಾಕೆಂದರೆ ಇಲ್ಲಿನ ಆಟೋದವರಿಗೆ ನಮ್ಮ ಅಪ್ಪ ಗೊತ್ತು. ಯಾವ ದಾರಿ ಕತ್ತಲಾದ ಮೇಲೆ ಬೇಡ ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ನಾನು ಆ ದಾರಿಗೆ ಹೋಗುವುದೇ ಇಲ್ಲ, ಹಾಗಾಗಿ ಎಲ್ಲ ದಾರಿಯೂ ಒಳ್ಳೆಯದೇ ಅನ್ನಿಸುತ್ತಿತ್ತು. ಹೊಸದಾಗಿ ಬಂದವಳಿಗೆ ಇದು ಹೇಗೆ ತಿಳಿಯಬೇಕು? ನನ್ನ ಧೈರ್ಯವನ್ನು ನಾನು ಅವರಿಗೆ ಸಾಲ ಕೊಡುತ್ತಿದ್ದೆ. ಅದು ಅವರ ಕೈಯಲ್ಲಿ ನಡೆಯುವ ನಾಣ್ಯ ಅಲ್ಲ.

ದೋಹಾದವರೇ, ನಿಮ್ಮ ತಮ್ಮನಿಗೆ "ಆರಾಮ ಇದ್ದೇವೆ" ಅಂತ ಬರೆದವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ, ಯಾವ ಊರಲ್ಲಿ ಇದ್ದಾರೆ? ಅದನ್ನು ಮೊದಲು ಕೇಳಿ.

ಬೆಣ್ಣೆನಗರಿ:

ನಾನು ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದವನು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರಲ್ಲಿ ನಾನೂ ಒಬ್ಬ ಅನ್ನಿಸಿ ಬರೆಯುತ್ತಿದ್ದೇನೆ. ಉದ್ದ ಆಗಬಹುದು.

2022ರ ಫೆಬ್ರವರಿ ಎರಡನೇ ವಾರ. ಅಮೆರಿಕ ತನ್ನವರಿಗೆ ಕೂಡಲೇ ಉಕ್ರೇನ್ ಬಿಡಿ ಅಂದಿತ್ತು. ನಮ್ಮ ಮನೆ ಮಾಲಕಿ ಅದನ್ನು ಕೇಳಿ ತಲೆ ಅಲ್ಲಾಡಿಸಿದರು. ಖಾರ್ಕಿವ್ ರಷ್ಯಾ ಗಡಿಯಿಂದ ಸುಮಾರು 40 ಕಿಲೋಮೀಟರ್. ಅವರ ಅಕ್ಕ ಗಡಿಯ ಆ ಕಡೆ ಇದ್ದರು. "ಎಂಟು ವರ್ಷದಿಂದ ಹೀಗೇ ಹೇಳುತ್ತಿದ್ದಾರೆ, ಏನೂ ಆಗುವುದಿಲ್ಲ" ಅಂದರು. ಊರಿನಲ್ಲಿ ಯಾರಿಗೂ ಗಾಬರಿ ಇರಲಿಲ್ಲ. ಟ್ರಾಮ್ ಓಡುತ್ತಿತ್ತು. ಅಂಗಡಿಯಲ್ಲಿ ಪ್ರೇಮಿಗಳ ದಿನದ ಹೂವು ಮಾರುತ್ತಿದ್ದರು. ನಾನು ಅಲ್ಲಿಯೇ ಇದ್ದವನು. ಕಣ್ಣಿಂದ ನೋಡಿದವನು. ನನ್ನ ಅನುಭವ ಪೂರ್ತಿ ಹೇಳುತ್ತಿತ್ತು, ಏನೂ ಇಲ್ಲ ಅಂತ.

ಫೆಬ್ರವರಿ 15ರಂದು ನಮ್ಮ ರಾಯಭಾರ ಕಚೇರಿಯ ಮೊದಲ ಸಲಹೆ ಬಂತು. ಇರುವುದು ಅಷ್ಟು ಅಗತ್ಯ ಇಲ್ಲದಿದ್ದರೆ ತಾತ್ಕಾಲಿಕವಾಗಿ ಹೊರಡುವುದನ್ನು ಯೋಚಿಸಿ ಅನ್ನುವ ಅರ್ಥದಲ್ಲಿ ಇತ್ತು. ಈಗ ಆ ವಾಕ್ಯವನ್ನು ಒಬ್ಬ ವಿದ್ಯಾರ್ಥಿಯ ಜಾಗದಲ್ಲಿ ನಿಂತು ಓದಿ. ನನ್ನ ಓದು ಅಗತ್ಯವೋ ಅಲ್ಲವೋ? ಅಪ್ಪ ಹೊಲದ ಮೇಲೆ ಸಾಲ ಮಾಡಿ ಕಳಿಸಿದ್ದರು. ಕಾಲೇಜಿನವರು ಆನ್‌ಲೈನ್ ತರಗತಿ ಇಲ್ಲ, ಹಾಜರಿ ಬೇಕು ಅಂದರು. ಹಾಜರಿ ತಪ್ಪಿದರೆ ಆ ತರಗತಿಗೆ ದಂಡ ಕಟ್ಟಿ ಮತ್ತೆ ಮಾಡಬೇಕಿತ್ತು. ಟಿಕೆಟ್ ದರ ದಿನ ದಿನ ಏರುತ್ತಿತ್ತು. ನಾನು ಅಪ್ಪನಿಗೆ ಫೋನ್ ಮಾಡಿದೆ. "ನಿನಗೆ ಏನು ಅನ್ನಿಸುತ್ತೆ?" ಅಂತ ಕೇಳಿದರು. ಇಲ್ಲಿ ಎಲ್ಲ ಶಾಂತವಾಗಿದೆ ಅಂದೆ. ಅದು ನಿಜವೇ ಆಗಿತ್ತು.

20ರಂದು ಎರಡನೇ ಸಲಹೆ ಬಂತು. 22ರ ಸಲಹೆಯಲ್ಲಿ ಕಾಲೇಜಿನ ಒಪ್ಪಿಗೆಗೆ ಕಾಯಬೇಡಿ, ಹೊರಡಿ ಅಂತ ಸ್ಪಷ್ಟವಾಗಿ ಹೇಳಿದರು. ಅದೇ ದಿನ ಕೀವ್‌ನಿಂದ ಏರ್ ಇಂಡಿಯಾ ವಿಮಾನ ಸುಮಾರು 240 ಜನರನ್ನು ಕರೆದುಕೊಂಡು ಹೋಯಿತು. ನಮ್ಮ ಫ್ಲಾಟಿನ ನಾಲ್ವರಲ್ಲಿ ಒಬ್ಬ ಆ ವಾರ ಹೊರಟ. ಅವನ ಅಪ್ಪನಿಗೆ ಟಿಕೆಟ್ ದುಡ್ಡು ಕೊಡಲು ಆಗುತ್ತಿತ್ತು. ನಾನು ಮುಂದಿನ ವಾರದ ಟಿಕೆಟ್ ಮಾಡಿದೆ. 24ರ ಬೆಳಗ್ಗೆ ಐದಕ್ಕೆ ಸದ್ದು ಕೇಳಿ ಎದ್ದೆವು. ಆಕಾಶ ಮುಚ್ಚಿತು. ಕೀವ್‌ಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ವಾಪಸ್ ಹೋಯಿತು.

ಆಮೇಲಿನದು ಬಂಕರ್, ಮೆಟ್ರೋ ನಿಲ್ದಾಣ, ಬಿಸ್ಕತ್ತು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಹುಡುಗ, ನಮ್ಮೆಲ್ಲರ ಹಾಗೆ ಎಂಬಿಬಿಎಸ್ ಓದಲು ಬಂದವನು, ಊಟದ ಸಾಮಾನು ತರಲು ಹೊರಗೆ ಹೋದಾಗ ಶೆಲ್ ದಾಳಿಗೆ ಸತ್ತ. ಅವನ ಬಗ್ಗೆ ನನಗೆ ಜಾಸ್ತಿ ಬರೆಯಲು ಆಗುತ್ತಿಲ್ಲ.

ಮಾರ್ಚ್ 2ರಂದು ಮಧ್ಯಾಹ್ನ ಬಂದ ಸಲಹೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕೂಡಲೇ ಖಾರ್ಕಿವ್ ಬಿಡಿ. ಸಂಜೆ 6ರ ಒಳಗೆ ಪೆಸೋಚಿನ್, ಬಬಾಯಿ, ಬೆಜ್ಲ್ಯುಡೋವ್ಕಾ, ಇವುಗಳಲ್ಲಿ ಒಂದು ಊರು ತಲುಪಿ. ಗಾಡಿ ಸಿಗದಿದ್ದರೆ ನಡೆದು ಹೋಗಿ. ರೈಲು ನಿಲ್ದಾಣದಲ್ಲಿ ನಮ್ಮನ್ನು ರೈಲಿಗೆ ಹತ್ತಿಸಿಕೊಂಡಿರಲಿಲ್ಲ. ಪೆಸೋಚಿನ್ ಅಲ್ಲಿಂದ ಹನ್ನೊಂದು ಕಿಲೋಮೀಟರ್. ನಡೆದೆವು. ಆ ದಿನ ಯಾರೂ "ಇದು ಸರಿಯೋ ತಪ್ಪೋ" ಅಂತ ಕೇಳಲಿಲ್ಲ. ಯಾಕೆಂದರೆ ಆ ಸಲಹೆಯಲ್ಲಿ ಊರಿನ ಹೆಸರು ಇತ್ತು, ಗಂಟೆ ಇತ್ತು, ದಾರಿ ಇತ್ತು.

ನಾನು ಕಲಿತದ್ದು ಇಷ್ಟು. 15ರ ಸಲಹೆ ತಪ್ಪಾಗಿರಲಿಲ್ಲ. ನನ್ನ ಅನುಭವವೂ ಸುಳ್ಳಾಗಿರಲಿಲ್ಲ. ಹೊರಡುವ ದಾರಿ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಹಳೇ ಸಿಸ್ಟರ್:

ಮಗನೇ, ನಿನ್ನ ಬರಹ ಓದಿ ಕಣ್ಣು ತುಂಬಿತು. ನೀನು ಬದುಕಿ ಬಂದೆಯಲ್ಲ, ಅದೇ ದೊಡ್ಡದು. ಓದು ಮುಗಿಸಿದೆಯಾ?

ನಾನು ನರ್ಸ್. ಈಗ ನಿವೃತ್ತಿಯಾಗಿ ಪುತ್ತೂರಿನಲ್ಲಿ ಇದ್ದೇನೆ. 2015ರಲ್ಲಿ ಯೆಮನ್‌ನ ಸನಾದಲ್ಲಿ ಒಂದು ಆಸ್ಪತ್ರೆಯಲ್ಲಿ ಇದ್ದೆ. ಆ ವರ್ಷ ಜನವರಿಯಿಂದಲೇ ನಮ್ಮ ಸರ್ಕಾರ ಯೆಮನ್ ಬಿಡಿ ಅಂತ ಹೇಳುತ್ತಿತ್ತು. ನಮಗೆಲ್ಲ ಗೊತ್ತಿತ್ತು. ಕೇರಳದ ಹುಡುಗಿಯರು, ನಾವು ನಾಲ್ಕೈದು ಜನ ಕರ್ನಾಟಕದವರು, ರಾತ್ರಿ ಕೂತು ಅದನ್ನೇ ಮಾತಾಡುತ್ತಿದ್ದೆವು. ಆದರೆ ನಮಗೆ ಮೂರು ತಿಂಗಳ ಸಂಬಳ ಬಾಕಿ. ಪಾಸ್‌ಪೋರ್ಟ್ ಆಸ್ಪತ್ರೆಯವರ ಕಪಾಟಿನಲ್ಲಿ. ಹೊರದೇಶಕ್ಕೆ ಹೋಗಲು ಮಾಡಿದ ಸಾಲಕ್ಕೆ ಊರಲ್ಲಿ ಬಡ್ಡಿ ಓಡುತ್ತಿತ್ತು. ಎಷ್ಟೋ ಹುಡುಗಿಯರು ನರ್ಸಿಂಗ್ ಓದಿಗೆ ಮಾಡಿದ ಸಾಲವನ್ನೇ ತೀರಿಸಿರಲಿಲ್ಲ. ವಾಪಸ್ ಹೋಗಿ ಮನೆಯವರ ಮುಂದೆ ಏನು ಹೇಳುವುದು? ಅದು ಬಾಂಬಿಗಿಂತ ದೊಡ್ಡ ಭಯ ಆಗಿತ್ತು. ಇದನ್ನು ಟಿವಿಯಲ್ಲಿ ಕೂತು "ಹೇಳಿದರೂ ಕೇಳಲಿಲ್ಲ, ಈಗ ಅನುಭವಿಸಲಿ" ಅನ್ನುವವರಿಗೆ ಹೇಗೆ ತಿಳಿಸುವುದು?

ಮಾರ್ಚ್ 26ಕ್ಕೆ ಸೌದಿಯವರು ಬಾಂಬ್ ಹಾಕಲು ಶುರು ಮಾಡಿದರು. ಆಗಲೂ ವಾರ್ಡಿನಲ್ಲಿ ರೋಗಿಗಳು ಇದ್ದರು. ಗಾಯ ಆದವರು ಬರುತ್ತಲೇ ಇದ್ದರು. ಅವರನ್ನು ಬಿಟ್ಟು ಹೊರಡುವುದಕ್ಕೂ ಮನಸ್ಸು ಬರಬೇಕಲ್ಲ. ಕೊನೆಗೆ ಪಾಸ್‌ಪೋರ್ಟ್ ಕೈಗೆ ಸಿಕ್ಕಿತು, ಏರ್ ಇಂಡಿಯಾ ವಿಮಾನದಲ್ಲಿ ಜಿಬೂತಿಗೆ, ಅಲ್ಲಿಂದ ಊರಿಗೆ. ಆಪರೇಷನ್ ರಾಹತ್‌ನಲ್ಲಿ 4,600ಕ್ಕಿಂತ ಜಾಸ್ತಿ ಭಾರತೀಯರನ್ನು ಕರೆತಂದರು. ಬೇರೆ ದೇಶದವರೂ ನಮ್ಮ ಹಡಗು, ವಿಮಾನದಲ್ಲಿ ಬಂದರು. ಆ ಉಪಕಾರವನ್ನು ನಾನು ಮರೆತಿಲ್ಲ. ಸಂಬಳ ಇವತ್ತಿಗೂ ಬಂದಿಲ್ಲ.

ದೋಹಾದವರೇ, ತಮ್ಮನ ಪಾಸ್‌ಪೋರ್ಟ್ ಅಲ್ಲಿ ಯಾರ ಕೈಯಲ್ಲಿ ಇರುತ್ತದೆ? ಉಳಿದದ್ದೆಲ್ಲ ಆಮೇಲೆ.

ಡಲ್ಲಾಸ್ ಕನ್ನಡಿಗ:

ಹೊಸಪೇಟೆ ಮಲ್ಲಿಗೆ ಅವರೇ, ನಿಮ್ಮ ಮಾತು ನನಗೆ ತಟ್ಟಿತು. ನಾನು ಗಂಡಸು, ಕನ್ನಡ ಬರುತ್ತದೆ, ಹಂಪಿಯಲ್ಲಿ ರಾತ್ರಿ ಓಡಾಡಿದ್ದೇನೆ. ಅದನ್ನೇ ಸಹೋದ್ಯೋಗಿಗೆ ಪುರಾವೆ ಅಂತ ಹೇಳಿದ್ದೆ. ಈಗ ಯೋಚಿಸಿದರೆ ಅವಳು ಹಿಂದೆ ಸರಿದದ್ದಕ್ಕೆ ನಾನು ಕೋಪ ಮಾಡಿಕೊಳ್ಳಬಾರದಿತ್ತು. ಎರಡು ಸರ್ಕಾರಗಳ ಜಗಳದ ಎಚ್ಚರಿಕೆ ಬೇರೆ, ಈ ಎಚ್ಚರಿಕೆ ಬೇರೆ. ನಾನು ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದೆ.

ಬಜ್ಪೆ ಅಜ್ಜ:

ಮೊಮ್ಮಗಳ ಸಹಾಯದಿಂದ ಬರೆಯುತ್ತಿದ್ದೇನೆ. ನಾನು 1990ರಲ್ಲಿ ಕುವೈತ್‌ನಲ್ಲಿ ಇದ್ದೆ. ಜುಲೈನಲ್ಲಿ ಇರಾಕ್ ಸೈನ್ಯ ಗಡಿಗೆ ಬಂದಿದೆ ಅಂತ ಪೇಪರ್‌ನಲ್ಲಿ ಓದಿದೆವು. ಅರಬರ ನಡುವಿನ ಮಾತು, ಕೂತು ಬಗೆಹರಿಸಿಕೊಳ್ಳುತ್ತಾರೆ ಅಂತ ಎಲ್ಲರೂ ಅಂದರು. ನಮಗೆ ಯಾರೂ ಹೊರಡಿ ಅನ್ನಲಿಲ್ಲ. ಆಗಸ್ಟ್ 2ರ ಬೆಳಗ್ಗೆ ಎದ್ದರೆ ರಸ್ತೆಯಲ್ಲಿ ಟ್ಯಾಂಕ್.

ಹದಿನಾರು ವರ್ಷದ ದುಡಿಮೆ ಬ್ಯಾಂಕಿನಲ್ಲಿ ಇತ್ತು. ಕೈಯಲ್ಲಿದ್ದ ಕುವೈತಿ ದಿನಾರ್ ಕೆಲವೇ ದಿನದಲ್ಲಿ ಬರೀ ಕಾಗದ ಆಯಿತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್‌ನ ಅಮ್ಮಾನ್. ಗಡಿಯ ಮರಳಿನಲ್ಲಿ ಟೆಂಟ್. ಒಂದೂವರೆ ಲಕ್ಷಕ್ಕೂ ಜಾಸ್ತಿ ಭಾರತೀಯರು ಹಾಗೆ ವಾಪಸ್ ಬಂದರು. ಏರ್ ಇಂಡಿಯಾ ಎರಡು ತಿಂಗಳು ಬಿಡದೆ ಹಾರಾಡಿತು. ನಮ್ಮ ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಆ ವರ್ಷ ಮದುವೆ ಮುಂದೆ ಹೋಯಿತು, ಕಟ್ಟುತ್ತಿದ್ದ ಮನೆ ಅರ್ಧಕ್ಕೆ ನಿಂತಿತು.

ಈಗಿನವರಿಗೆ ಎಚ್ಚರಿಕೆ ಫೋನಿಗೆ ಬರುತ್ತದೆ. ಬಂದದ್ದನ್ನು ಓದಿ. ಮತ್ತೆ, ದುಡಿದದ್ದನ್ನೆಲ್ಲ ಅಲ್ಲೇ ಇಡಬೇಡಿ. ಸ್ವಲ್ಪ ಸ್ವಲ್ಪ ಊರಿಗೆ ಕಳಿಸುತ್ತಿರಿ. ನಾನು 1991ರಲ್ಲಿ ಮತ್ತೆ ಹೋದೆ. ಹೋಗದೆ ಬೇರೆ ದಾರಿ ಇರಲಿಲ್ಲ.

ತುಂಗಾತೀರ:

ಇಲ್ಲಿ ಎಲ್ಲರೂ ಸಲಹೆ ಓದಿದವರ ಬಗ್ಗೆ ಮಾತಾಡುತ್ತಿದ್ದೀರಿ. ಅದು ತಲುಪದೇ ಇದ್ದವರ ಬಗ್ಗೆ ನಾನು ಹೇಳುತ್ತೇನೆ. ನಾನು ಶಾಲೆ ಮೇಷ್ಟ್ರು. ಶಿವಮೊಗ್ಗ ಕಡೆಯ, ಹಕ್ಕಿಪಿಕ್ಕಿ ಬುಡಕಟ್ಟಿನ ಒಂದು ಕ್ಯಾಂಪಿನ ಮಕ್ಕಳು ನನ್ನ ತರಗತಿಯಲ್ಲಿ ಇದ್ದರು.

ಹಕ್ಕಿಪಿಕ್ಕಿ ಜನ ಕೂದಲೆಣ್ಣೆ, ಬೇರು ನಾರಿನ ಔಷಧಿ ಮಾರಲು ಆಫ್ರಿಕಾದ ದೇಶ ದೇಶ ಸುತ್ತುತ್ತಾರೆ. ಬಹಳ ಜನಕ್ಕೆ ಇದು ಗೊತ್ತೇ ಇರಲಿಲ್ಲ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೈನ್ಯ ಮತ್ತು ಅರೆಸೈನಿಕ ಪಡೆ ನಡುವೆ ಹೊಡೆದಾಟ ಶುರುವಾದಾಗಲೇ ಊರಿಗೆಲ್ಲ ಗೊತ್ತಾದದ್ದು. ಎಲ್ ಫಾಶರ್ ಅನ್ನುವ ಊರಲ್ಲಿ ನಮ್ಮ ರಾಜ್ಯದ 31 ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದಿದ್ದಾರೆ ಅಂತ ಸುದ್ದಿ ಬಂತು. ಚುನಾವಣೆ ಸಮಯ, ಅದರ ಮೇಲೆ ರಾಜಕೀಯವೂ ಆಯಿತು.

ರಾಯಭಾರ ಕಚೇರಿ ಮೊದಲ ದಿನವೇ ಮನೆ ಒಳಗೇ ಇರಿ ಅಂತ ಹೇಳಿತ್ತು. ಸರಿಯಾದ ಸಲಹೆ. ಆದರೆ ಅದು ಇಂಗ್ಲಿಷ್‌ನಲ್ಲಿ, ಟ್ವಿಟರ್‌ನಲ್ಲಿ ಇತ್ತು. ಮನೆಯಲ್ಲಿ ವಾಗ್ರಿ, ಹೊರಗೆ ಕನ್ನಡ ಮಾತಾಡುವ ಜನಕ್ಕೆ ಅದು ಹೇಗೆ ಸಿಗಬೇಕು? ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೆಂಡತಿ ಫೋನ್ ಹಿಡಿದುಕೊಂಡು ನನ್ನ ಮನೆಗೆ ಬಂದಳು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಅವಳು ಸುಡಾನ್‌ಗೆ ಧ್ವನಿ ಸಂದೇಶ ಕಳಿಸಿದಳು. ಅಲ್ಲಿ ಕರೆಂಟ್ ಇದ್ದಾಗ ಮಾತ್ರ ಅವರು ಕೇಳುತ್ತಿದ್ದರು. ಮನೆ ಒಳಗೆ ಇರಿ ಅಂದರೆ ಸರಿ, ಕುಡಿಯಲು ನೀರೇ ಇಲ್ಲ ಅಂತ ಆ ಕಡೆಯಿಂದ ಉತ್ತರ ಬರುತ್ತಿತ್ತು. ಶಿವಮೊಗ್ಗದ ಒಂದು ಮನೆಯ ಜಗಲಿಯಲ್ಲಿ ಕೂತು ನಾನು ಇದಕ್ಕೆ ಏನು ಹೇಳಲಿ?

ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನ್, ಜಿದ್ದಾ ದಾರಿಯಾಗಿ 3,800ಕ್ಕೂ ಜಾಸ್ತಿ ಜನರನ್ನು ಕರೆತಂದರು. ನನ್ನ ಆ ಹಳೆಯ ವಿದ್ಯಾರ್ಥಿಯೂ ಬಂದ. ಒಂದು ವರ್ಷ ಆಗುವ ಮೊದಲೇ ಮತ್ತೆ ಆಫ್ರಿಕಾಕ್ಕೆ ಹೋದ, ಬೇರೆ ದೇಶಕ್ಕೆ. ಕಾಡಿನಲ್ಲಿ ಬೇಟೆ ನಿಂತ ಮೇಲೆ ಇದೇ ಅವರ ಬದುಕು. ಹೋಗುವ ಮೊದಲು ಬಂದು "ಮೇಷ್ಟ್ರೇ, ಈ ದೇಶ ಹೆಂಗೈತೆ ನೋಡಿ ಹೇಳಿ" ಅಂದ. ಆ ದೇಶದ ಬಗ್ಗೆ ಕನ್ನಡದಲ್ಲಿ ಒಂದು ಪುಟ ಹುಡುಕಿದೆ. ಸಿಗಲಿಲ್ಲ. ಇಂಗ್ಲಿಷ್‌ನದು ಓದಿ ಹೇಳಿದೆ.

ಬಿಸಿಲನಾಡು:

ಮೇಷ್ಟ್ರು ಹೇಳಿದ್ದು ಖರೆ. ನಮ್ಮ ಕಲಬುರಗಿ ಕಡೆ ಹುಡುಗರು ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸ ಅಂತ ಏಜೆಂಟನ ಮಾತು ನಂಬಿ ಹೋಗಿದ್ದರು. ಹೋದ ಮೇಲೆ ಉಕ್ರೇನ್ ಯುದ್ಧದ ಗಡಿಗೆ ಕಳಿಸಿದರು. ವಿದೇಶಾಂಗ ಸಚಿವಾಲಯ ಆ ಯುದ್ಧದಿಂದ ದೂರ ಇರಿ ಅಂತ ಹೇಳಿದ್ದು 2024ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅವರು ಆಗಲೇ ಅಲ್ಲಿದ್ದರು. ಅವರ ಮನೆಯವರು ಮಕ್ಕಳ ವಿಡಿಯೋ ಹಿಡಿದುಕೊಂಡು ಕಚೇರಿ ಕಚೇರಿ ತಿರುಗಿದ್ದನ್ನು ನಾವು ನೋಡಿದ್ದೇವೆ.

ಹಳ್ಳಿಯಲ್ಲಿ ಮೊದಲು ಬರುವವನು ಏಜೆಂಟ. ಅವನಿಗೆ ನಮ್ಮ ಮಾತು ಬರುತ್ತದೆ, ಮನೆಗೆ ಬಂದು ಚಹಾ ಕುಡಿಯುತ್ತಾನೆ. ಸರ್ಕಾರದ ಎಚ್ಚರಿಕೆ ಆಮೇಲೆ ಪೇಪರ್‌ನಲ್ಲಿ ಬರುತ್ತದೆ. ಏಜೆಂಟನಿಗೆ ಸರ್ಕಾರದ ನೋಂದಣಿ ಇದೆಯೋ ಇಲ್ಲವೋ ಅಂತ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಇದನ್ನು ನಮ್ಮ ಪಂಚಾಯ್ತಿ ಗೋಡೆ ಮೇಲೆ ಬರೆಸಬೇಕು ಅಂತ ನಾವು ಕೇಳುತ್ತಿದ್ದೇವೆ.

ದೋಹಾ ಬೈಂದೂರು:

ಎಲ್ಲರ ಬರಹ ಎರಡೆರಡು ಸಲ ಓದಿದೆ. ಚಿಕ್ಕಮ್ಮನಿಗೂ ಓದಿ ಹೇಳಿದೆ. ಹಳೇ ಸಿಸ್ಟರ್ ಕೇಳಿದ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ. ನಾನು ದೋಹಾದಲ್ಲಿ ಪಾಸ್‌ಪೋರ್ಟ್ ನನ್ನ ಹತ್ತಿರ ಇಟ್ಟುಕೊಂಡವನು, ಒಳ್ಳೆ ಕಂಪನಿ, ಕೈಯಲ್ಲಿ ಟಿಕೆಟ್‌ಗೆ ಬೇಕಾದ ದುಡ್ಡು. ಜೂನ್ 23ರ ರಾತ್ರಿ ನನಗೆ ಭಯ ಆದರೂ, ವಿಮಾನ ಶುರುವಾದರೆ ನಾಳೆಯೇ ಹೊರಡಬಹುದು ಅನ್ನುವ ಧೈರ್ಯ ಒಳಗೆ ಇತ್ತು. ಅದನ್ನೇ ನಾನು "ದೋಹಾ ಸುರಕ್ಷಿತ" ಅಂತ ಅಂದುಕೊಂಡಿದ್ದೆ ಅನ್ನಿಸುತ್ತಿದೆ. ನಮ್ಮ ಕಟ್ಟಡದ ಕಾವಲುಗಾರನಿಗೆ ಆ ರಾತ್ರಿ ಹೇಗಿತ್ತು ಅಂತ ನಾನು ಕೇಳಿರಲಿಲ್ಲ.

ಇಸ್ರೇಲಿನಲ್ಲಿ ಈ ಕೆಲಸ ಮಾಡುತ್ತಿರುವವರು ಯಾರಾದರೂ ಇದ್ದೀರಾ?

ಶಂಕರಪುರದವಳು:

ಇದ್ದೇನೆ. ಹರ್ಜ್ಲಿಯಾದಲ್ಲಿ ಆರನೇ ವರ್ಷ. 88 ವರ್ಷದ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ. ನಮ್ಮ ಉಡುಪಿ, ಮಂಗಳೂರು ಕಡೆಯವರು ಇಲ್ಲಿ ತುಂಬಾ ಇದ್ದಾರೆ.

2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಸರ್ಕಾರ ಆಪರೇಷನ್ ಅಜಯ್ ಮಾಡಿತು. ಹೋಗುವ ಮನಸ್ಸಿದ್ದವರಿಗೆ ವಿಮಾನ ಇತ್ತು. ಇಲ್ಲಿ ಆಗ ಸುಮಾರು 18 ಸಾವಿರ ಭಾರತೀಯರು. ಹೋದವರು 1,300ಕ್ಕೆ ಸ್ವಲ್ಪ ಜಾಸ್ತಿ. ಹೆಚ್ಚಿನವರು ವಿದ್ಯಾರ್ಥಿಗಳು. ನಾವು ಕೇರ್‌ಗಿವರ್‌ಗಳು ಉಳಿದೆವು. ಧೈರ್ಯ ಜಾಸ್ತಿ ಅಂತ ಅಲ್ಲ. ವೀಸಾ ಈ ಕೆಲಸಕ್ಕೆ ಕಟ್ಟಿದ್ದು. ಬರಲು ಕೊಟ್ಟ ದುಡ್ಡಿನ ಸಾಲ ಇದೆ. ಮತ್ತೆ, ನಾನು ಹೊರಟರೆ ಅಜ್ಜಿಯನ್ನು ಹಾಸಿಗೆಯಿಂದ ಯಾರು ಎಬ್ಬಿಸಬೇಕು?

ಊರಿಗೆ ಫೋನ್ ಮಾಡಿದಾಗ ನಾನೂ "ಆರಾಮ ಇದ್ದೇನೆ" ಅಂತಲೇ ಹೇಳುತ್ತೇನೆ. ಎಲ್ಲರೂ ಹಾಗೇ ಹೇಳುತ್ತಾರೆ. ಅಮ್ಮನಿಗೆ ಬಿಪಿ ಇದೆ. ಅಮ್ಮನಿಗೆ ಹೇಳಿದ್ದು ಅದು, ನಿಮ್ಮ ತಮ್ಮನಿಗೆ ಸಾಕ್ಷಿ ಅಂತ ಹೇಳಿದ್ದಲ್ಲ.

ಈಗ ಅವನಿಗೆ ಬೇಕಾದದ್ದು ಹೇಳುತ್ತೇನೆ. ಇಲ್ಲಿ ಊರು ಊರಿಗೂ ಲೆಕ್ಕ ಬೇರೆ. ಗಾಜಾ ಪಕ್ಕದ ಊರುಗಳಲ್ಲಿ ಸೈರನ್ ಆದ ಮೇಲೆ ಹದಿನೈದು ಸೆಕೆಂಡ್ ಸಿಗುತ್ತದೆ. ಆಶ್ಕೆಲೋನ್‌ನಲ್ಲಿ ಮೂವತ್ತು. ನಮಗೆ ಇಲ್ಲಿ ಒಂದೂವರೆ ನಿಮಿಷ. ಉತ್ತರದ ಗಡಿಯಲ್ಲಿ ಎಷ್ಟೋ ಕಡೆ ಸೈರನ್ ಮತ್ತು ಕ್ಷಿಪಣಿ ಒಟ್ಟಿಗೇ ಬರುತ್ತವೆ. 2024ರ ಮಾರ್ಚ್‌ನಲ್ಲಿ ಮಾರ್ಗಲಿಯೋಟ್‌ನ ತೋಟದಲ್ಲಿ ಕೆಲಸ ಮಾಡುತ್ತಿದ್ದ ಕೇರಳದ ಹುಡುಗ ಸತ್ತದ್ದು ಹಾಗೆ. ಮರುದಿನ ನಮ್ಮ ರಾಯಭಾರ ಕಚೇರಿ ಗಡಿಯಲ್ಲಿ ಇರುವವರು ಒಳಗಿನ ಊರುಗಳಿಗೆ ಬನ್ನಿ ಅಂತ ಹೇಳಿತು.

ಒಂದೂವರೆ ನಿಮಿಷ ಅಂದರೆ ನಿಮಗೆ ಜಾಸ್ತಿ ಅನ್ನಿಸಬಹುದು. 88 ವರ್ಷದವರನ್ನು ಹಾಸಿಗೆಯಿಂದ ವೀಲ್‌ಚೇರ್‌ಗೆ ಕೂರಿಸಲು ನನಗೆ ಎರಡು ನಿಮಿಷ ಬೇಕು. ಹೊಸ ಕಟ್ಟಡಗಳಲ್ಲಿ ಮನೆ ಒಳಗೇ ಕಾಂಕ್ರೀಟ್ ಗೋಡೆಯ ಒಂದು ಕೋಣೆ ಇರುತ್ತದೆ, ಮಮಾದ್ ಅಂತಾರೆ. ನಮ್ಮ ಅಜ್ಜಿಯ ಹಾಸಿಗೆ ಅದರಲ್ಲೇ ಇದೆ. ನಾನೇ ಅವರ ಮಗನ ಹತ್ತಿರ ಹಠ ಮಾಡಿ ಹಾಕಿಸಿದ್ದು. ಹಳೆ ಕಟ್ಟಡದಲ್ಲಿ ಮಮಾದ್ ಇಲ್ಲ. ಕೆಳಗೆ ಇಳಿಯಬೇಕು, ಇಲ್ಲ ರಸ್ತೆ ಆಚೆ ಇರುವ ಬಂಕರ್‌ಗೆ ಓಡಬೇಕು. ಮೂರನೇ ಮಹಡಿ, ಲಿಫ್ಟ್ ಇಲ್ಲದ ಮನೆಯಲ್ಲಿ ಕೆಲಸ ಮಾಡುವ ನನ್ನ ಸ್ನೇಹಿತೆ 2025ರ ಜೂನ್‌ನಲ್ಲಿ ಇರಾನ್ ಜೊತೆ ಯುದ್ಧ ನಡೆದ ಹನ್ನೆರಡು ದಿನ ಮೆಟ್ಟಿಲ ಮೇಲೆ ಅಜ್ಜನನ್ನು ತಬ್ಬಿಕೊಂಡು ಕೂತಳು. ಕೆಳಗೆ ಇಳಿಸಲು ಒಬ್ಬಳಿಗೆ ಆಗುತ್ತಿರಲಿಲ್ಲ. ಬಿಟ್ಟು ಓಡಲು ಮನಸ್ಸಾಗಲಿಲ್ಲ. ಆ ದಿನಗಳಲ್ಲಿ ಬಾಟ್ ಯಾಮ್‌ನಲ್ಲಿ ಕಟ್ಟಡವೇ ಬಿತ್ತು.

ಹಾಗಾಗಿ ಇಸ್ರೇಲ್ ಸುರಕ್ಷಿತವಾ ಅಂತ ನನ್ನನ್ನು ಕೇಳಬೇಡಿ. ಯಾವ ಊರು, ಎಷ್ಟನೇ ಮಹಡಿ, ಮಮಾದ್ ಇದೆಯಾ, ನೋಡಿಕೊಳ್ಳಬೇಕಾದವರು ನಡೆಯುತ್ತಾರಾ, ಅದನ್ನು ಕೇಳಿ. ಇದನ್ನು ಯಾವ ಸರ್ಕಾರವೂ ನಿಮಗೆ ಬರೆದು ಕೊಡುವುದಿಲ್ಲ. ಆದರೆ ಬಂದ ವಾರವೇ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲು ಅವನಿಗೆ ಹೇಳಿ. ಎಷ್ಟೋ ಜನ ಮಾಡುವುದಿಲ್ಲ. ಜೂನ್‌ನಲ್ಲಿ ಜೋರ್ಡಾನ್, ಈಜಿಪ್ಟ್ ಗಡಿ ದಾಟಿಸಿ ಜನರನ್ನು ಕಳಿಸಿದಾಗ ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಸುಲಭ ಆಯಿತು.

ಬೆಣ್ಣೆನಗರಿ:

ಅಕ್ಕಾ, ಹಾಸಿಗೆಯನ್ನು ಆ ಕೋಣೆಗೆ ಹಾಕಿಸಿದಿರಲ್ಲ, ಅದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಹಳೇ ಸಿಸ್ಟರ್, ಹೌದು, ಓದು ಮುಗಿಯಿತು. ಬೇರೆ ದೇಶಕ್ಕೆ ವರ್ಗಾವಣೆ ತೆಗೆದುಕೊಂಡು ಮುಗಿಸಿದೆ. ಈಗ ಇಲ್ಲಿ ನಡೆಯುವ ಪರೀಕ್ಷೆಗೆ ಓದುತ್ತಿದ್ದೇನೆ.

ಹಳೇ ಸಿಸ್ಟರ್:

ದೇವರು ಒಳ್ಳೆಯದು ಮಾಡಲಿ ಮಗಾ. ಶಂಕರಪುರದವಳೇ, ನಿನಗೆ ರಜೆ ಸಿಕ್ಕಿ ಊರಿಗೆ ಬಂದಾಗ ಪುತ್ತೂರಿಗೆ ಬಾ.

ದೋಹಾ ಬೈಂದೂರು:

ನಿನ್ನೆ ರಾತ್ರಿ ತಮ್ಮನ ಜೊತೆ ಎರಡು ಗಂಟೆ ಮಾತಾಡಿದೆ. ಬೇಡ ಅಂತ ಹೇಳಲಿಲ್ಲ. ಹೋಗು ಅಂತಲೂ ಹೇಳಲಿಲ್ಲ. ಶಂಕರಪುರದ ಅಕ್ಕನ ಬರಹವನ್ನು ಅವನಿಗೆ ಕಳಿಸಿದ್ದೆ, ಅವನು ಆಗಲೇ ಓದಿದ್ದ. ಏಜೆಂಟನಿಗೆ ಫೋನ್ ಮಾಡಿ ಮನೆ ಯಾವ ಊರಲ್ಲಿ, ಮಮಾದ್ ಇದೆಯಾ, ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ ಅಂತ ಕೇಳಿದ್ದಾನೆ. ಹಾಗೆಲ್ಲ ಯಾರೂ ಕೇಳುವುದಿಲ್ಲ ಅಂತ ಏಜೆಂಟ್ ಅಂದನಂತೆ. ನಾವು ಕೇಳುತ್ತೇವೆ ಅಂತ ತಮ್ಮ ಹೇಳಿದ. ಇ-ಮೈಗ್ರೇಟ್‌ನಲ್ಲಿ ಏಜೆಂಟನ ಹೆಸರು ನಾನು ಹುಡುಕಿದೆ, ಇದೆ.

ವಾಪಸ್ ಬರುವ ಟಿಕೆಟ್‌ಗೆ ಬೇಕಾದ ದುಡ್ಡನ್ನು ಮೊದಲೇ ಬೇರೆ ಖಾತೆಯಲ್ಲಿ ಇಡುತ್ತೇನೆ, ಅದನ್ನು ಮುಟ್ಟಬಾರದು ಅಂತ ಅವನಿಗೆ ಹೇಳಿದ್ದೇನೆ. ಬೆಣ್ಣೆನಗರಿಯವರ ಬರಹ ಓದಿದ ಮೇಲೆ ಇಷ್ಟಾದರೂ ನನ್ನ ಕೈಯಲ್ಲಿ ಆಗಬೇಕು ಅನ್ನಿಸಿತು.

ಮನೆಯ ಬಗ್ಗೆ ಏಜೆಂಟನಿಂದ ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ತಮ್ಮ ಸಹಿ ಹಾಕುವುದಿಲ್ಲ. ಬಂದ ಮೇಲೆ ಇಲ್ಲೇ ಬರೆಯುತ್ತೇನೆ.